ಕೋಸಿಗೆ ಕಾವಲು, ರೇಷ್ಮೆ ಹುಳಕ್ಕೆ ಯಮ: ಬ್ಯಾಸಿಲಸ್ ಜೀನೋಮ್ ಓದಿದ ನನ್ನ ಅನುಭವ

ಶಿಡ್ಲಘಟ್ಟದ ಸುತ್ತ ಒಂದೇ ಬದುವಿನ ಆಚೆ ಎಲೆಕೋಸು, ಈಚೆ ಹಿಪ್ಪುನೇರಳೆ ಇರುವುದು ಮಾಮೂಲು. ಕೋಸಿಗೆ ಹುಳ ಬಿದ್ದರೆ ಬಿಟಿ ಪುಡಿ ಹೊಡೆಯುತ್ತಾರೆ. ಅದರಲ್ಲಿರುವುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಜಪಾನಿನ ಇಶಿವಾತಾ 1901ರಲ್ಲಿ ಇದನ್ನು ಮೊದಲು ಕಂಡದ್ದೇ ಸತ್ತ ರೇಷ್ಮೆ ಹುಳದಲ್ಲಿ. "ಗಾಳೀಲಿ ನಮ್ಮ ಸೊಪ್ಪಿಗೆ ಬಂದ್ರೆ ಏನ್ ಗತಿಯಪ್ಪಾ?" ಎಂದು ಹುಳ ಸಾಕುವ ಹಿರಿಯರೊಬ್ಬರು ಕೇಳಿದ ಮೇಲೆ, ನಮ್ಮ ಸುತ್ತಲಿನ ಬ್ಯಾಸಿಲಸ್‌ಗಳ ಜೀನೋಮ್, ಅಂದರೆ ಪೂರ್ತಿ ಡಿಎನ್ಎ, ಓದುವ ಕೆಲಸಕ್ಕೆ ನಾನು ಇಳಿದೆ.

ಕೋಸಿನ ಹೊಲದ ಮಣ್ಣು, ತೋಟದ ಮಣ್ಣು, ಹುಳದ ಮನೆಯ ದೂಳು, ಸಪ್ಪೆ ರೋಗದಲ್ಲಿ ಸತ್ತ ಹುಳ ಎಲ್ಲವನ್ನೂ ತಂದೆ. ನೀರಲ್ಲಿ ಕದಡಿ 80 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಸ್ಪೋರ್, ಅಂದರೆ ಬಿಸಿ ತಡೆಯುವ ಗಟ್ಟಿ ಕವಚದ ಬೀಜಕ, ಕಟ್ಟಿಕೊಂಡವು ಮಾತ್ರ ಬದುಕುತ್ತವೆ. ಅವನ್ನು ಪ್ಲೇಟಿನ ಮೇಲೆ ಬೆಳೆಸಿ, ಬೆಳ್ಳಗೆ, ಒಣಗಿದಂತೆ ಅಂಚು ಕಟ್ಟಿದ ಕಾಲನಿಗಳನ್ನು (ಬ್ಯಾಕ್ಟೀರಿಯಾ ಗುಂಪುಗಳನ್ನು) ಆರಿಸಿ, ಸ್ಪೋರ್ ಬಲಿಯುವವರೆಗೆ ಕಾದು ಮೈಕ್ರೋಸ್ಕೋಪಿನಡಿ ನೋಡುತ್ತಿದ್ದೆ. ಸ್ಪೋರಿನ ಪಕ್ಕದಲ್ಲಿ ವಜ್ರದಾಕಾರದ ಹರಳು ಕಂಡರೆ ಅದು ಥುರಿಂಜಿಯೆನ್ಸಿಸ್. ಕಾಣದಿದ್ದರೆ ಬಹುಪಾಲು ಬ್ಯಾಸಿಲಸ್ ಸೀರಿಯಸ್, ಅಂದರೆ ತಂಗಳನ್ನದಿಂದ ವಾಂತಿ ತರಿಸುವ ಗುಂಪು. ಆ ಹರಳಿನ ಪ್ರೋಟೀನು ಹುಳದ ಕ್ಷಾರ ತುಂಬಿದ ಕರುಳಲ್ಲಿ ಕರಗಿ, ಕರುಳಿನ ಗೋಡೆಗೆ ತೂತು ಕೊರೆಯುತ್ತದೆ. ಕೋಸಿನ ಹುಳ, ರೇಷ್ಮೆ ಹುಳ ಎರಡೂ ಪತಂಗದ ಮರಿಗಳೇ ಆದ್ದರಿಂದ ಅದಕ್ಕೆ ಭೇದವಿಲ್ಲ.

ಡಿಎನ್ಎ ಓದಿಸಿದಾಗ ನಿಜವಾದ ವಿಷಯ ಸಿಕ್ಕಿತು. ಬ್ಯಾಕ್ಟೀರಿಯಾದ ಮುಖ್ಯ ಡಿಎನ್ಎ ಆದ ಕ್ರೋಮೋಸೋಮು 50 ಲಕ್ಷಕ್ಕೂ ಹೆಚ್ಚು ಅಕ್ಷರಗಳದ್ದು. ಅದನ್ನು ಹೋಲಿಸಿ ವಂಶವೃಕ್ಷ ಬರೆದರೆ ಹರಳು ಇರುವವೂ ಇಲ್ಲದವೂ ಒಂದೇ ಕೊಂಬೆಯಲ್ಲಿ ಬೆರೆತು ಕೂತಿದ್ದವು. ಹರಳಿನ ಪ್ರೋಟೀನು ಕಟ್ಟಿಸುವ ಕ್ರೈ ಜೀನುಗಳು ಹೆಚ್ಚಾಗಿ ಇರುವುದು ಕ್ರೋಮೋಸೋಮಿನಲ್ಲಲ್ಲ, ಪ್ಲಾಸ್ಮಿಡ್ ಎಂಬ ಬೇರೆ ಡಿಎನ್ಎ ಉಂಗುರಗಳಲ್ಲಿ. ವಾಂತಿ ತರಿಸುವ ಸೆರುಲೈಡ್ ವಿಷದ ಜೀನುಗಳೂ ಪ್ಲಾಸ್ಮಿಡ್ಡಿನವೇ. ಕುರಿಗಳಿಗೆ ನೆರಡಿ ರೋಗ ತರುವ ಆಂಥ್ರಾಸಿಸ್ ಕೂಡ ಇದೇ ಬಳಗದ್ದು. ಅದರ ವಿಷ ಒಂದು ಪ್ಲಾಸ್ಮಿಡ್ಡಿನಲ್ಲಿ, ಮೇಲಿನ ಹೊದಿಕೆ ಇನ್ನೊಂದರಲ್ಲಿ. ಎತ್ತಿನ ಗಾಡಿ ಅದೇ, ಹೇರಿದ ಸರಕು ಬೇರೆ.

ಇಲ್ಲಿ ಒಂದು ಮಾತು, ಇದೇ ಕೆಲಸ ಮಾಡುವವರಿಗೆ: ಚಿಕ್ಕ ಚಿಕ್ಕ ತುಣುಕುಗಳನ್ನಷ್ಟೇ ಓದಿಸಿದರೆ ಪ್ಲಾಸ್ಮಿಡ್ ಕೂಡಿಕೊಳ್ಳುವುದಿಲ್ಲ. ಕ್ರೈ ಜೀನಿನ ಅಕ್ಕಪಕ್ಕ ಒಂದೇ ರೀತಿಯ ಜಿಗಿಯುವ ಡಿಎನ್ಎ ಮತ್ತೆ ಮತ್ತೆ ಬರುವುದರಿಂದ ಜೋಡಣೆ ಅಲ್ಲೇ ಹರಿಯುತ್ತದೆ. ಉದ್ದುದ್ದ ಡಿಎನ್ಎ ಓದುವ ನ್ಯಾನೋಪೋರ್ ಯಂತ್ರದಲ್ಲಿ ಉದ್ದದ ಓದು ತೆಗೆದ ಮೇಲೆಯೇ ನನಗೆ ಉಂಗುರಗಳು ಪೂರ್ತಿ ಸಿಕ್ಕವು. ಖರ್ಚು ಹೆಚ್ಚು, ಆದರೂ ಇದನ್ನು ಬಿಡಬಾರದು.

ಆಮೇಲೆ ಹರಳು ಕಟ್ಟುವ ಒಂದು ಬ್ಯಾಕ್ಟೀರಿಯಾವನ್ನು 42 ಡಿಗ್ರಿಯಲ್ಲಿ ಮತ್ತೆ ಮತ್ತೆ ಬೆಳೆಸಿ ಪ್ಲಾಸ್ಮಿಡ್ ಕಳೆಯುವಂತೆ ಮಾಡಿದೆ. ಹರಳು ಹೋಯಿತು. ಎರಡನ್ನೂ ಸೊಪ್ಪಿಗೆ ಸವರಿ ಮರಿಹುಳಗಳಿಗೆ ಕೊಟ್ಟಾಗ, ಹರಳಿದ್ದದ್ದನ್ನು ತಿಂದವು ಮೇವು ಬಿಟ್ಟು ಸತ್ತವು. ಹರಳು ಕಳೆದದ್ದನ್ನು ತಿಂದವು ಜ್ವರಕ್ಕೆ (ಪೊರೆ ಕಳಚುವ ಹಂತಕ್ಕೆ) ಕೂತು ಎದ್ದವು. ಹಾಗೆಂದು ಹರಳು ಹೋದದ್ದು ನಿರಪಾಯಿ ಅಂತ ನಾನು ಹೇಳಲಾರೆ. ಭೇದಿ ತರುವ ಎನ್ಎಚ್ಇ ಜೀನುಗಳು ಕ್ರೋಮೋಸೋಮಿನಲ್ಲೇ ಇವೆ, ಥುರಿಂಜಿಯೆನ್ಸಿಸ್‌ಗಳಲ್ಲೂ ಇವೆ. ಹಾಗಾಗಿ ನಮ್ಮ ಮಣ್ಣಿನ ಯಾವುದೇ ತಳಿಯನ್ನು ಕೋಸಿಗೆ ಶಿಫಾರಸು ಮಾಡುವ ಮೊದಲು ಎನ್ಎಚ್ಇ, ಸೆರುಲೈಡ್ ಎರಡನ್ನೂ ಹುಡುಕುತ್ತೇನೆ. ಆ ಹಿರಿಯರಿಗೆ ಹೇಳಿದ್ದು ಇಷ್ಟು: ಕೋಸಿನ ಬದುವಿಗೆ ಅಂಟಿದ ಸಾಲಿನ ಸೊಪ್ಪನ್ನು ಹುಳಕ್ಕೆ ಹಾಕಬೇಡಿ, ಪಕ್ಕದವರು ಪುಡಿ ಹೊಡೆಯುವ ದಿನ ಮೊದಲೇ ಕೇಳಿಟ್ಟುಕೊಳ್ಳಿ.