ಅಮೆರಿಕದಲ್ಲಿ ‘ಕ್ರೆಡಿಟ್’: ಯಾವುದು ಸಾಲ, ಯಾವುದು ಜಮಾ, ಯಾವುದು ಎರಡೂ ಅಲ್ಲ

ಅಮೆರಿಕಕ್ಕೆ ಬಂದ ಮೊದಲ ತಿಂಗಳಲ್ಲೇ ‘ಕ್ರೆಡಿಟ್’ ಎಂಬ ಮಾತು ನಾಲ್ಕೈದು ಕಡೆ ಕಿವಿಗೆ ಬೀಳುತ್ತದೆ. ಬಾಡಿಗೆಗೆ ಮನೆ ಕೇಳಿದರೆ ಕ್ರೆಡಿಟ್ ಚೆಕ್. ಅಂಗಡಿಯಲ್ಲಿ ಕಾರ್ಡ್ ತೆಗೆದರೆ ‘ಡೆಬಿಟ್ ಆರ್ ಕ್ರೆಡಿಟ್?’. ಯೂನಿವರ್ಸಿಟಿಯಲ್ಲಿ ಈ ಸೆಮಿಸ್ಟರ್‌ಗೆ ಎಷ್ಟು ಕ್ರೆಡಿಟ್ ಎಂಬ ಪ್ರಶ್ನೆ, ಕೊಂಡ ಬಟ್ಟೆ ವಾಪಸ್ ಕೊಟ್ಟರೆ ಸ್ಟೋರ್ ಕ್ರೆಡಿಟ್, ಮಾರ್ಚ್ ಬಂದರೆ ಟ್ಯಾಕ್ಸ್ ಕ್ರೆಡಿಟ್. ಎಲ್ಲ ಕಡೆಯೂ ಮೊದಲು ನೋಡಬೇಕಾದ್ದು ಒಂದೇ: ಇಲ್ಲಿ ಯಾರು ಯಾರಿಗೆ ಕೊಡಬೇಕು, ಕೊಡುವುದು ದುಡ್ಡಾಗಿ ಕೈಗೆ ಬರುತ್ತದೆಯೇ ಅಥವಾ ಬರೀ ಲೆಕ್ಕದಲ್ಲಿ ಉಳಿಯುತ್ತದೆಯೇ?

ಕ್ರೆಡಿಟ್ ಸ್ಕೋರ್

ಹೊಸಬರನ್ನು ಹೆಚ್ಚು ಕಾಡುವುದು ಇದೇ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಖಾಸಗಿ ಕಂಪನಿಗಳು (ಇವನ್ನೇ ಬ್ಯೂರೋ ಎನ್ನುತ್ತಾರೆ) ನಿಮ್ಮ ಸಾಲದ ಚರಿತ್ರೆಯನ್ನು ದಾಖಲಿಸುತ್ತವೆ. ಆ ದಾಖಲೆಯೇ ಕ್ರೆಡಿಟ್ ರಿಪೋರ್ಟ್. ಅದರಿಂದ ಲೆಕ್ಕ ಹಾಕಿದ 300ರಿಂದ 850ರವರೆಗಿನ ಅಂಕಿ ಸ್ಕೋರ್. ಹೆಚ್ಚು ಬಳಕೆಯಲ್ಲಿರುವುದು ಫೈಕೊ ಸ್ಕೋರ್. (ಸಂಬಳದ ಚೀಟಿಯಲ್ಲಿ ಕಾಣುವ ಫೈಕಾ ಬೇರೆ, ಅದು ಸರ್ಕಾರಿ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿ ಮತ್ತು ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಕಡಿತ.) ಟ್ರಾನ್ಸ್‌ಯೂನಿಯನ್ ಹೆಸರು ಭಾರತದ ಸಿಬಿಲ್ ಜೊತೆಗೂ ಇರುವುದರಿಂದ ಅಲ್ಲಿನ ಸ್ಕೋರ್ ತಾನಾಗಿ ಇಲ್ಲಿಗೂ ಬಂದಿರುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಬರುವುದಿಲ್ಲ, ಎರಡೂ ದೇಶದ ದಾಖಲೆಗಳು ಬೇರೆ ಬೇರೆ. ಭಾರತದಲ್ಲಿ ಗೃಹಸಾಲ ಪೂರ್ತಿ ತೀರಿಸಿದವರೂ ಇಲ್ಲಿ ಖಾಲಿ ಪುಟದಿಂದಲೇ ಶುರುಮಾಡಬೇಕು. ಫೈಕೊ ಸ್ಕೋರ್ ಹುಟ್ಟಬೇಕಾದರೆ ಕನಿಷ್ಠ ಒಂದು ಖಾತೆಗೆ ಆರು ತಿಂಗಳಾಗಿರಬೇಕು.

ಆ ಆರು ತಿಂಗಳನ್ನು ದಾಟಿಸುವ ಸುಲಭ ದಾರಿ ಸೆಕ್ಯೂರ್ಡ್ ಕಾರ್ಡ್. 200ರಿಂದ 500 ಡಾಲರ್ ಠೇವಣಿ ಇಟ್ಟರೆ ಸಾಮಾನ್ಯವಾಗಿ ಅಷ್ಟೇ ಲಿಮಿಟ್ ಸಿಗುತ್ತದೆ. ಖಾತೆ ಸರಿಯಾಗಿ ನಡೆಸಿ ಮುಚ್ಚಿದಾಗ ಅಥವಾ ಬ್ಯಾಂಕಿನವರು ಮಾಮೂಲಿ ಕಾರ್ಡ್‌ಗೆ ಬದಲಾಯಿಸಿದಾಗ ಠೇವಣಿ ವಾಪಸ್. ಮೂರೂ ಬ್ಯೂರೋಗಳಿಗೆ ವರದಿ ಮಾಡುತ್ತಾರೆಯೇ ಎಂದು ಅರ್ಜಿಗೆ ಮೊದಲೇ ಕೇಳಿ. ವರದಿ ಮಾಡದ ಕಾರ್ಡ್‌ನಿಂದ ಸ್ಕೋರ್‌ಗೆ ಏನೂ ಸೇರುವುದಿಲ್ಲ. ಕೆಲಸದ ಅನುಮತಿಯಿಲ್ಲದ ಎಚ್-4 (ಅವಲಂಬಿತರ ವೀಸಾ) ಸಂಗಾತಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗುವುದಿಲ್ಲ. ಅವರನ್ನು ನಿಮ್ಮ ಕಾರ್ಡ್‌ಗೆ ಆಥರೈಸ್ಡ್ ಯೂಸರ್ ಆಗಿ ಸೇರಿಸಬಹುದು. ನಂಬರ್ ಇಲ್ಲದಿದ್ದರೆ ಅದು ಅವರ ಹೆಸರಿನ ರಿಪೋರ್ಟ್‌ಗೆ ಹೋಗುತ್ತದೆಯೇ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ.

ಫೈಕೊ ಲೆಕ್ಕದಲ್ಲಿ ಶೇ. 35 ಭಾರ ಸಮಯಕ್ಕೆ ಸರಿಯಾಗಿ ಕಟ್ಟಿದ್ದಕ್ಕೆ, ಶೇ. 30 ಬಾಕಿಯ ಮೊತ್ತಕ್ಕೆ, ಶೇ. 15 ಖಾತೆಗಳ ವಯಸ್ಸಿಗೆ. ಹೊಸ ಅರ್ಜಿಗಳಿಗೆ ಶೇ. 10, ಸಾಲಗಳ ಬಗೆಗೆ ಶೇ. 10. ಜನ ಎಡವುವುದು ಬಾಕಿಯ ಮೊತ್ತದಲ್ಲಿ. ಕಾರ್ಡ್‌ಗೆ ಎರಡು ದಿನಾಂಕಗಳಿರುತ್ತವೆ: ಸ್ಟೇಟ್‌ಮೆಂಟ್ ಮುಗಿಯುವ ದಿನ, ಮತ್ತು ಅದಾಗಿ ಕನಿಷ್ಠ 21 ದಿನಕ್ಕೆ ಬರುವ ಡ್ಯೂ ಡೇಟ್. ಬ್ಯೂರೋಗೆ ಹೋಗುವುದು ಸಾಮಾನ್ಯವಾಗಿ ಸ್ಟೇಟ್‌ಮೆಂಟ್ ದಿನದ ಬಾಕಿ. 500 ಡಾಲರ್ ಲಿಮಿಟ್‌ನಲ್ಲಿ 400 ಖರ್ಚು ಮಾಡಿ ಡ್ಯೂ ಡೇಟಿಗೆ ಪೂರ್ತಿ ಕಟ್ಟಿದವರಿಗೆ ಬಡ್ಡಿ ಬೀಳುವುದಿಲ್ಲ, ಆದರೆ ರಿಪೋರ್ಟ್‌ನಲ್ಲಿ ಲಿಮಿಟ್‌ನ ಶೇ. 80 ಬಳಸಿದ ಹಾಗೆ ಕಾಣುತ್ತದೆ, ಸ್ಕೋರ್ ಇಳಿಯುತ್ತದೆ. ಸ್ಟೇಟ್‌ಮೆಂಟ್ ಬರುವ ಎರಡು ಮೂರು ದಿನ ಮೊದಲೇ 360 ಕಟ್ಟಿಬಿಟ್ಟರೆ ಕಾಣುವುದು ಶೇ. 8. ಮನೆ ಅಥವಾ ಕಾರಿನ ಸಾಲಕ್ಕೆ ಹೋಗುವ ಮುಂಚಿನ ತಿಂಗಳು ಇಷ್ಟು ಮಾಡಿದರೆ ಸಾಕು, ವರ್ಷವಿಡೀ ತಲೆಕೆಡಿಸಿಕೊಳ್ಳಬೇಕಿಲ್ಲ.

ಸ್ವಲ್ಪ ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟಿದರೆ ಸ್ಕೋರ್ ಏರುತ್ತದೆ ಎಂಬ ಸಲಹೆ ಆಫೀಸಿನ ಕಾಫಿ ಯಂತ್ರದ ಬಳಿ ಇಂದಿಗೂ ಓಡಾಡುತ್ತಿದೆ. ಅದು ಶುದ್ಧ ಸುಳ್ಳು, ದುಬಾರಿ ಸುಳ್ಳು ಕೂಡ. 1,000 ಡಾಲರ್ ಬಿಲ್‌ಗೆ 900 ಕಟ್ಟಿದರೆ ಬಡ್ಡಿ ಉಳಿದ 100ಕ್ಕೆ ಮಾತ್ರ ಅಲ್ಲ. ಹೊಸ ಖರೀದಿಗಳಿಗೆ ಇರುವ ಬಡ್ಡಿರಹಿತ ಅವಧಿಯೂ ಹೋಗಿ, ಅವಕ್ಕೂ ಬಡ್ಡಿ ಬೀಳುತ್ತದೆ. ಕನಿಷ್ಠ ಮೊತ್ತಕ್ಕೆ ಆಟೋಪೇ ಇಟ್ಟು ಮರೆತವರಿಗೆ ಆಗುವುದೂ ಇದೇ. ಆಟೋಪೇ ಇಡುವುದಾದರೆ ‘ಸ್ಟೇಟ್‌ಮೆಂಟ್ ಬ್ಯಾಲೆನ್ಸ್’ ಆಯ್ಕೆಗೇ ಇಡಿ. ಎರಡು ದಿನ ತಡವಾದರೆ ಲೇಟ್ ಫೀ ಬೀಳಬಹುದು, ಆದರೆ 30 ದಿನ ದಾಟಿದ ಮೇಲಷ್ಟೇ ಅದು ಬ್ಯೂರೋಗೆ ಹೋಗುತ್ತದೆ. ಒಮ್ಮೆ ಹೋದರೆ ಏಳು ವರ್ಷ ಅಲ್ಲೇ ಇರುತ್ತದೆ.

ನೀವು ಸಾಲಕ್ಕೆ ಅರ್ಜಿ ಹಾಕಿದಾಗ ಸಾಲ ಕೊಡುವವರು ರಿಪೋರ್ಟ್ ನೋಡಿದ್ದರ ದಾಖಲೆ, ಅಂದರೆ ಹಾರ್ಡ್ ಇನ್‌ಕ್ವೈರಿ ಎರಡು ವರ್ಷ ಕಾಣಿಸುತ್ತದೆ, ಫೈಕೊ ಲೆಕ್ಕಕ್ಕೆ ಬರುವುದು ಒಂದು ವರ್ಷ ಮಾತ್ರ. ನಿಮ್ಮ ರಿಪೋರ್ಟ್ ನೀವೇ ನೋಡಿಕೊಂಡರೆ ಏನೂ ಇಳಿಯುವುದಿಲ್ಲ. ಆನ್ಯುಯಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ಬ್ಯೂರೋಗಳ ರಿಪೋರ್ಟ್ ವಾರಕ್ಕೊಮ್ಮೆ ಉಚಿತ. ಕನ್ನಡಿಗರು ಅಲ್ಲಿ ಮುಖ್ಯವಾಗಿ ಹೆಸರು ನೋಡಬೇಕು. ಇನಿಶಿಯಲ್, ತಂದೆಯ ಹೆಸರು, ಊರಿನ ಹೆಸರು ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಕ್ರಮದಲ್ಲಿದ್ದರೆ ಒಬ್ಬರದೇ ದಾಖಲೆ ಎರಡಾಗಿ ಒಡೆಯುವುದೂ, ಬೇರೆಯವರ ಸಾಲ ನಿಮ್ಮಲ್ಲಿ ಬಂದು ಕೂರುವುದೂ ಉಂಟು. ತಪ್ಪಿದ್ದರೆ ಬ್ಯೂರೋ ವೆಬ್‌ಸೈಟಿನಲ್ಲೇ ಡಿಸ್ಪ್ಯೂಟ್ ಹಾಕಿ. ಸಾಮಾನ್ಯವಾಗಿ 30 ದಿನದೊಳಗೆ ಅವರು ಪರಿಶೀಲಿಸಬೇಕು. ಸದ್ಯಕ್ಕೆ ಹೊಸ ಸಾಲ ಬೇಡ ಎನ್ನುವವರು ಮೂರೂ ಕಡೆ ಕ್ರೆಡಿಟ್ ಫ್ರೀಜ್ (ಹೊಸ ಸಾಲ ಕೊಡುವವರು ನಿಮ್ಮ ರಿಪೋರ್ಟ್ ನೋಡದಂತೆ ತಡೆ) ಹಾಕಿಬಿಡುವುದು ಒಳ್ಳೆಯದು. 2018ರಿಂದ ಅದು ಉಚಿತ. ಆನ್‌ಲೈನ್‌ನಲ್ಲಿ ಕೇಳಿದರೆ ಒಂದು ಗಂಟೆಯೊಳಗೆ ತೆಗೆಯಬೇಕು ಎಂಬುದು ಕಾನೂನು.

ಅಂಗಡಿಯ ಕೌಂಟರಿನಲ್ಲಿ

ಡೆಬಿಟ್ ಕಾರ್ಡ್ ಹಾಕಿ ಯಂತ್ರದಲ್ಲಿ ‘ಕ್ರೆಡಿಟ್’ ಒತ್ತಿದರೆ ಸಾಲವಾಗುವುದಿಲ್ಲ. ಪಿನ್ ಕೇಳದೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ದಾರಿಯಲ್ಲಿ ಹೋಗುತ್ತದೆ ಅಷ್ಟೆ, ದುಡ್ಡು ನಿಮ್ಮ ಚೆಕಿಂಗ್ ಖಾತೆಯಿಂದಲೇ. ಸ್ಕೋರ್‌ಗೂ ಇದಕ್ಕೂ ಸಂಬಂಧವಿಲ್ಲ. ಕಾರ್ಡ್ ಕಳವಾದಾಗ ಮಾತ್ರ ವ್ಯತ್ಯಾಸ ದೊಡ್ಡದು: ಕ್ರೆಡಿಟ್ ಕಾರ್ಡ್‌ನಲ್ಲಿ ಕಾನೂನಿನ ಪ್ರಕಾರ ನಿಮ್ಮ ಹೊಣೆ ಗರಿಷ್ಠ 50 ಡಾಲರ್. ಡೆಬಿಟ್ ಕಾರ್ಡ್ ಕಳೆದದ್ದು ಗೊತ್ತಾಗಿಯೂ ಎರಡು ಕೆಲಸದ ದಿನದೊಳಗೆ ತಿಳಿಸದಿದ್ದರೆ ಅದು 500ಕ್ಕೆ ಏರಬಹುದು.

ಸ್ಟೋರ್ ಕ್ರೆಡಿಟ್ ಎಂದರೆ ಆ ಅಂಗಡಿಯಲ್ಲೇ ಖರ್ಚಾಗಬೇಕಾದ ಮೊತ್ತ. ರಸೀದಿ ಇಲ್ಲದೆ ವಾಪಸ್ ಕೊಟ್ಟಾಗ ಹೆಚ್ಚಾಗಿ ಸಿಗುವುದು ಇದೇ, ಅದೂ ಆಗಿನ ಕಡಿಮೆ ಬೆಲೆಗೆ. ಸ್ಟೇಟ್‌ಮೆಂಟ್ ಕ್ರೆಡಿಟ್ ಎಂದರೆ ಕಾರ್ಡ್ ಬಾಕಿಯಿಂದ ಕಳೆಯುವ ಮೊತ್ತ. ಆದರೆ ಅದು ಬಂತೆಂದು ಆ ತಿಂಗಳ ಕನಿಷ್ಠ ಪಾವತಿ ಬಿಡಬೇಡಿ, ಸಾಮಾನ್ಯವಾಗಿ ಅದನ್ನು ಪಾವತಿಯೆಂದು ಎಣಿಸುವುದಿಲ್ಲ. ಬಾಕಿ ಮೈನಸ್‌ನಲ್ಲಿದ್ದರೆ ಅದು ಕ್ರೆಡಿಟ್ ಬ್ಯಾಲೆನ್ಸ್, ಅಂದರೆ ಬ್ಯಾಂಕೇ ನಿಮಗೆ ಕೊಡಬೇಕು. ಬರಹದಲ್ಲಿ ಕೇಳಿದರೆ ಏಳು ಕೆಲಸದ ದಿನದೊಳಗೆ ಹಿಂತಿರುಗಿಸಬೇಕು. ದೇಶ ಬಿಟ್ಟು ಹೊರಡುವವರು ಚೆಕಿಂಗ್ ಖಾತೆ ಮುಚ್ಚುವ ಮೊದಲೇ ಇದನ್ನು ತೆಗೆದುಕೊಳ್ಳಿ.

ಟ್ಯಾಕ್ಸ್ ಕ್ರೆಡಿಟ್

ಡಿಡಕ್ಷನ್ ಆದಾಯದಿಂದ ಕಳೆಯುತ್ತದೆ, ಕ್ರೆಡಿಟ್ ತೆರಿಗೆಯಿಂದಲೇ ಕಳೆಯುತ್ತದೆ. ಶೇ. 22ರ ಹಂತದಲ್ಲಿರುವವರಿಗೆ 1,000 ಡಾಲರ್ ಡಿಡಕ್ಷನ್ ಉಳಿಸುವುದು 220, ಅಷ್ಟೇ ಮೊತ್ತದ ಕ್ರೆಡಿಟ್ ಉಳಿಸುವುದು ಪೂರ್ತಿ 1,000. ರಿಫಂಡಬಲ್ ಅಲ್ಲದ ಕ್ರೆಡಿಟ್ ತೆರಿಗೆಯನ್ನು ಸೊನ್ನೆಗೆ ತಂದು ನಿಲ್ಲುತ್ತದೆ, ಮಿಕ್ಕಿದ್ದು ಕೈಗೆ ಬರುವುದಿಲ್ಲ.

ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ಗೆ ಮಗುವಿಗೆ ಕೆಲಸಕ್ಕೆ ಮಾನ್ಯವಾದ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕು. ಭಾರತದಲ್ಲಿ ಹುಟ್ಟಿ ಎಚ್-4ನಲ್ಲಿ ಬಂದ ಮಗುವಿಗೆ ಅದಿರುವುದಿಲ್ಲ. ಆ ಮಗು ತೆರಿಗೆಯ ಲೆಕ್ಕದಲ್ಲಿ ರೆಸಿಡೆಂಟ್ ಆಗಿದ್ದರೆ ಐಟಿನ್ (ತೆರಿಗೆಗೆ ಮಾತ್ರ ಕೊಡುವ ಸಂಖ್ಯೆ) ತೆಗೆಸಿ 500 ಡಾಲರ್‌ವರೆಗಿನ ಇತರ ಅವಲಂಬಿತರ ಕ್ರೆಡಿಟ್ ಪಡೆಯಬಹುದು. ಐಟಿನ್ ಅರ್ಜಿಯಾದ ಡಬ್ಲ್ಯೂ-7 ಫಾರ್ಮ್ ರಿಟರ್ನ್ ಜೊತೆಗೇ ಹೋಗಬೇಕು. ಮೂಲ ಪಾಸ್‌ಪೋರ್ಟ್ ಅಂಚೆಯಲ್ಲಿ ಕಳಿಸಲು ಹೆದರಿಕೆಯಾದರೆ ತೆರಿಗೆ ಇಲಾಖೆಯಾದ ಐಆರ್‌ಎಸ್ ಮಾನ್ಯತೆಯ ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್ ಹತ್ತಿರ ಹೋಗಿ. ಪಾಸ್‌ಪೋರ್ಟ್ ನೋಡಿ ಅಲ್ಲೇ ವಾಪಸ್ ಕೊಡುತ್ತಾರೆ.

ಊರಿನ ಎಫ್‌ಡಿ ಬಡ್ಡಿಯನ್ನೂ ತೆರಿಗೆಯ ರೆಸಿಡೆಂಟ್ ಆದವರು ಇಲ್ಲಿ ತೋರಿಸಲೇಬೇಕು. ಎನ್‌ಆರ್‌ಒ (ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆ) ಬಡ್ಡಿಗೆ ಭಾರತದಲ್ಲಿ ಕಟ್ಟಿದ ತೆರಿಗೆಗೆ ಫಾರ್ಮ್ 1116ರಲ್ಲಿ ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಇದೆ. ಬ್ಯಾಂಕು ಶೇ. 30ರ ಲೆಕ್ಕದಲ್ಲಿ ಟಿಡಿಎಸ್ ಹಿಡಿದಿದೆ ಎಂದು ಅಷ್ಟನ್ನೂ ಬರೆದರೆ ತಪ್ಪು. ಎರಡು ದೇಶಗಳ ಒಪ್ಪಂದದಲ್ಲಿ ಇಂಥ ಬಡ್ಡಿಗೆ ಮಿತಿ ಶೇ. 15. ಹೆಚ್ಚು ಹಿಡಿದದ್ದನ್ನು ಭಾರತದ ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕೇ ಹೊರತು ಇಲ್ಲಿ ಅಲ್ಲ. ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಖಾತೆ) ಬಡ್ಡಿಗೆ ಅಲ್ಲಿ ತೆರಿಗೆಯೇ ಇಲ್ಲದ್ದರಿಂದ ಕ್ರೆಡಿಟ್ ಕೂಡ ಇಲ್ಲ, ಇಲ್ಲಿನ ತೆರಿಗೆ ಮಾತ್ರ ಪೂರ್ತಿ.

ದುಡ್ಡಲ್ಲದ ಕ್ರೆಡಿಟ್‌ಗಳು

ಕಾಲೇಜಿನ ಒಂದು ಕ್ರೆಡಿಟ್ ಎಂದರೆ ಸರಿಸುಮಾರು 15 ವಾರ, ವಾರಕ್ಕೆ ಒಂದು ಗಂಟೆ ತರಗತಿ, ಅದರ ಹೊರಗೆ ಎರಡು ಗಂಟೆ ಓದು. ನಾಲ್ಕು ವರ್ಷದ ಬ್ಯಾಚುಲರ್ ಪದವಿಗೆ ಸಾಮಾನ್ಯವಾಗಿ 120. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವ ಬ್ಯಾಚುಲರ್ ವಿದ್ಯಾರ್ಥಿ ಸೆಮಿಸ್ಟರ್‌ಗೆ 12ಕ್ಕಿಂತ ಕಡಿಮೆಯಾಗಬಾರದು. ಕಷ್ಟದ ಕೋರ್ಸ್ ಒಂದನ್ನು ಬಿಟ್ಟು 9ಕ್ಕೆ ಇಳಿಸಬೇಕೆನಿಸಿದರೆ ಮೊದಲು ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿಯಾದ ಡಿಎಸ್‌ಒ ಅನುಮತಿ, ಆಮೇಲೆ ಡ್ರಾಪ್. ಕ್ರಮ ತಿರುಗಿದರೆ ವೀಸಾ ಸ್ಥಿತಿಯೇ ಕೆಡುತ್ತದೆ.

ಸೋಷಿಯಲ್ ಸೆಕ್ಯುರಿಟಿ ಕ್ರೆಡಿಟ್ ಗಳಿಕೆಯ ಮೇಲೆ ಬರುತ್ತದೆ: 2025ರಲ್ಲಿ 1,810 ಡಾಲರ್‌ಗೆ ಒಂದು, ವರ್ಷಕ್ಕೆ ನಾಲ್ಕೇ. ನಿವೃತ್ತಿ ಪಿಂಚಣಿಗೆ 40 ಬೇಕು, ಅಂದರೆ ಕನಿಷ್ಠ ಹತ್ತು ವರ್ಷದ ದುಡಿಮೆ. ಎಫ್-1ನಲ್ಲಿ ಫೈಕಾ ಕಡಿತವಿಲ್ಲದೆ ದುಡಿದ ಕಾಲ ಇದರಲ್ಲಿ ಸೇರುವುದಿಲ್ಲ. ಭಾರತದ ಜೊತೆ ಅಮೆರಿಕಕ್ಕೆ ಟೋಟಲೈಸೇಷನ್ ಒಪ್ಪಂದ ಇಲ್ಲದ್ದರಿಂದ ಊರಿನ ಪಿಎಫ್ ವರ್ಷಗಳನ್ನು ಇದಕ್ಕೆ ಜೋಡಿಸಲಾಗದು. 36 ಕ್ರೆಡಿಟ್ ಆಗಿರುವಾಗ ಊರಿಗೆ ಮರಳುವ ಯೋಚನೆಯಿದ್ದರೆ ಸೋಷಿಯಲ್ ಸೆಕ್ಯುರಿಟಿ ವೆಬ್‌ಸೈಟಿನಲ್ಲಿ ಖಾತೆ ತೆರೆದು ವರ್ಷವಾರು ಗಳಿಕೆಯ ಪಟ್ಟಿ ನೋಡಿ. ಉದ್ಯೋಗದಾತರು ತಪ್ಪು ನಂಬರ್ ಹಾಕಿದ ವರ್ಷ ಅಲ್ಲಿ ಸೊನ್ನೆಯಾಗಿ ಕಾಣುತ್ತದೆ. ಆ ವರ್ಷದ ಡಬ್ಲ್ಯೂ-2 (ಉದ್ಯೋಗದಾತರು ಕೊಡುವ ವಾರ್ಷಿಕ ಸಂಬಳದ ಪತ್ರ) ತೋರಿಸಿ ಸರಿಪಡಿಸಿಕೊಳ್ಳಬಹುದು.