ಭತ್ತದ ಗದ್ದೆಗೆ ನೀರು ಬಿಡುವ ಮುಂಚೆ ಪೈಪಿನೊಳಗೆ ನೋಡಿ

30 ಸೆಂ.ಮೀ. ಉದ್ದದ ಪೈಪಿನ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಅಷ್ಟನ್ನು ಗದ್ದೆಯಲ್ಲಿ ಹೂತು, ಒಳಗಿನ ಮಣ್ಣು ತೆಗೆದುಬಿಡಿ. ನಾಟಿಯಾಗಿ ಎರಡು ವಾರದ ನಂತರ, ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ ಮತ್ತೆ 5 ಸೆಂ.ಮೀ. ನಿಲ್ಲುವಷ್ಟು ನೀರು ಕಟ್ಟಿ. ಮೇಲ್ಮಣ್ಣು ಒಣಗಿದಂತೆ ಕಂಡರೂ ಹೆದರಬೇಡಿ, ಬೇರಿಗೆ ಕೆಳಗೆ ನೀರು ಸಿಗುತ್ತಿರುತ್ತದೆ. ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ ಗಾಳಿಯಾಡದ ಕೆಸರೇ ಬೇಕು, ಅಲ್ವಾ? ಮಣ್ಣಿಗೆ ಗಾಳಿ ಹೋದರೆ ಅವುಗಳ ಆಟ ನಿಲ್ಲುತ್ತದೆ. ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ನೀರೂ ಉಳಿಯುತ್ತದೆ. ಆದರೆ ಹೂ ಬಿಡುವುದಕ್ಕೆ ಒಂದು ವಾರ ಮುಂಚಿನಿಂದ ಒಂದು ವಾರ ನಂತರದವರೆಗೆ ಒಣಗಿಸಲೇಬೇಡಿ, ಕಾಳು ಜೊಳ್ಳಾಗುತ್ತದೆ. ಕಳೆ ಜಾಸ್ತಿ ಇದ್ದರೆ ಇನ್ನೆರಡು ವಾರ ತಡೆದು ಶುರು ಮಾಡಿ. ನೀರು ಬಸಿಯದ ತಗ್ಗು ಗದ್ದೆಯಲ್ಲಿ, ಬಿಡದೆ ಸುರಿಯುವ ಮಳೆಯಲ್ಲಿ ಇದು ನಡೆಯುವುದಿಲ್ಲ.