ಮರದ ಪಾತಿಗೂ ಎಸ್ಟಿಮೇಟಿನಲ್ಲಿ ಒಂದು ಸಾಲು

ನಾನು ಬಯಲುಸೀಮೆಯ ಒಂದು ಪುರಸಭೆಯಲ್ಲಿ ಕಿರಿಯ ಎಂಜಿನಿಯರ್. ರಸ್ತೆ, ಚರಂಡಿ, ಪೇವರ್ ಕೆಲಸ ನೋಡಿಕೊಳ್ಳುತ್ತೇನೆ. ಬೀದಿ ಮರಗಳೂ ನನ್ನ ಪಾಲಿಗೇ ಬಂದಿವೆ. ಸಣ್ಣ ಊರಿನಲ್ಲಿ ಅದಕ್ಕೆ ಅಂತ ಬೇರೆ ಯಾರಿರುತ್ತಾರೆ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೀದಿಗೆ ಸಿಸಿ ರಸ್ತೆ ಮಾಡಿಸಿದೆ. ಎರಡೂ ಬದಿಗೆ ಹೊಂಗೆ ಮರಗಳು. ಕಾಂಕ್ರೀಟು ಕಾಂಡಕ್ಕೆ ಅಂಟಿಕೊಳ್ಳುವ ಹಾಗೆ ಬಿತ್ತು. ಕೆಸರು ತಪ್ಪಿತು ಅಂತ ಜನ ಖುಷಿಪಟ್ಟರು. ಮೂರನೇ ಬೇಸಿಗೆಗೆ ಎರಡು ಮರ ತುದಿಯಿಂದ ಒಣಗತೊಡಗಿದವು. ಮುಂಗಾರಿನ ಮೊದಲ ಗಾಳಿಗೆ ಒಂದು ಬುಡಸಮೇತ ಉರುಳಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಹೋಗಿ ನೋಡಿದರೆ ಚರಂಡಿ ಕಡೆಯ ಬೇರೇ ಇಲ್ಲ. ಅಗೆಯುವಾಗ ಜೆಸಿಬಿ ಎಲ್ಲವನ್ನೂ ಕಿತ್ತುಹಾಕಿತ್ತು. ಆ ಕೆಲಸ ಸರಿಯಾಗಿದೆ ಅಂತ ಸಹಿ ಹಾಕಿದವನು ನಾನೇ. ಎದುರು ಮನೆಯ ಅಜ್ಜಿ, "ನಮ್ಮ ಯಜಮಾನ್ರು ನೆಟ್ಟಿದ್ದು ಕಣಪ್ಪ" ಅಂದರು. ಅಷ್ಟೇ ಅಂದು ಒಳಗೆ ಹೋದರು.

ಬೇರು ಆಳಕ್ಕೆ ಹೋಗಿರುತ್ತದೆ, ಮೇಲೆ ಏನು ಹಾಕಿದರೂ ನಡೆಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ನೀರು, ಆಹಾರ ಹೀರುವ ಸಣ್ಣ ಬೇರುಗಳು ಜಾಸ್ತಿ ಇರುವುದು ಮೇಲಿನ ಎರಡು ಅಡಿ ಮಣ್ಣಿನಲ್ಲೇ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು.

ಮುಂದಿನ ಕೆಲಸದಲ್ಲಿ ಮರದ ಸುತ್ತ ಜಾಗ ಬಿಡಿ ಅಂತ ಗುತ್ತಿಗೆದಾರರಿಗೆ ಬಾಯಲ್ಲಿ ಹೇಳಿದೆ. ಬಿಡಲಿಲ್ಲ. ಕೇಳಿದರೆ, "ಸಾರ್, ಬಿಟ್ಟಷ್ಟೂ ನಮಗೆ ಲಾಸು" ಅಂದರು. ಅವರ ಮಾತು ನಿಜ. ಬಿಲ್ಲು ಆಗುವುದು ಚದರ ಮೀಟರ್ ಲೆಕ್ಕದಲ್ಲಿ. 1.2 ಮೀಟರ್ ಚೌಕದ ಪಾತಿ ಬಿಟ್ಟರೆ 1.44 ಚದರ ಮೀಟರ್ ಅಳತೆ ಪುಸ್ತಕದಿಂದ ಹೋಯಿತು. ಬೀದಿಯಲ್ಲಿ 11 ಮರ ಇದ್ದರೆ ಹತ್ತಿರ ಹತ್ತಿರ 16 ಚದರ ಮೀಟರ್. ಮೇಲಾಗಿ ಮೂಲೆ ಮೂಲೆಗೆ ಪಟ್ಟಿ ಕಟ್ಟಿ ಕಾಂಕ್ರೀಟು ಹಾಕುವುದು ಕೂಲಿಯವರಿಗೆ ರಗಳೆ. ದುಡ್ಡೂ ಕಡಿಮೆ, ಕೆಲಸವೂ ಜಾಸ್ತಿ ಅಂದರೆ ಯಾರು ಮಾಡುತ್ತಾರೆ?

ಅದಕ್ಕೇ ಪಾತಿಯನ್ನು ಎಸ್ಟಿಮೇಟಿಗೇ ತಂದೆ. ಮರಗಳನ್ನು ಎಣಿಸಿ, ಒಂದೊಂದಕ್ಕೂ ಸುತ್ತ ಕರ್ಬ್ ಕಲ್ಲು, ಅಂದರೆ ಅಂಚಿಗೆ ಕೂರಿಸುವ ಕಲ್ಲು, 4.8 ಮೀಟರ್ ಅಂತ ಬರೆದೆ. ಒಳಗೆ ಮಣ್ಣು ಕೈಯಲ್ಲೇ ಸಡಿಲಿಸುವುದು, ಮೇಲೆ 20 ಎಂಎಂ ಜಲ್ಲಿ ತೆಳ್ಳಗೆ ಹರಡುವುದು. ಪ್ರತಿಯೊಂದಕ್ಕೂ ದರ. ಈಗ ಪಾತಿ ಮಾಡಿದರೆ ದುಡ್ಡು ಬರುತ್ತದೆ, ಮಾಡದಿದ್ದರೆ ಬರುವುದಿಲ್ಲ. ಮೊದಲ ಬೀದಿಯಲ್ಲೇ ಗುತ್ತಿಗೆದಾರರು ಒಂದು ಮರವನ್ನೂ ಬಿಡದೆ ಪಾತಿ ಮಾಡಿದರು.

ಇದಕ್ಕೆ ಖರ್ಚು ಯಾಕೆ ಅಂತ ಮೇಲಿನವರು ಕೇಳಿದರು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟು ತೆಗೆಸಲು ಆದೇಶ ಮಾಡಿದೆ. ಅದರ ಪ್ರತಿಯನ್ನು ಕಡತಕ್ಕೆ ಸೇರಿಸಿದೆ. ಆದೇಶ ದೆಹಲಿಯದೇ ಇರಬಹುದು, ಆದರೆ ಹಾಕಿದ ಮೇಲೆ ಒಡೆಸುವುದಕ್ಕಿಂತ ಮೊದಲೇ ಬಿಡುವುದು ಅಗ್ಗ ಅಲ್ವಾ? ಆ ಮಾತು ಎಲ್ಲರಿಗೂ ಅರ್ಥವಾಯಿತು.

ಕಲ್ಲು ಕೂರಿಸುವಾಗ ಒಂದು ತಪ್ಪು ಮಾಡಿದ್ದೆ. ನಾಲ್ಕೂ ಕಡೆ ಎತ್ತರ ಮಾಡಿಸಿದ್ದರಿಂದ ಮಳೆನೀರು ಪಾತಿಯ ಪಕ್ಕದಲ್ಲೇ ಹರಿದು ಚರಂಡಿ ಸೇರುತ್ತಿತ್ತು. ಈಗ ರಸ್ತೆ ಕಡೆಯ ಕಲ್ಲನ್ನು ರಸ್ತೆಗೆ ಸಮ ಇಡಿಸುತ್ತೇನೆ. ಹಳೇ ರಸ್ತೆಯ ಮೇಲೇ ಹೊಸದು ಹಾಕಲೂ ಬಿಡುವುದಿಲ್ಲ, ಅಗೆದೇ ಹಾಕಬೇಕು. ಮಟ್ಟ ಏರಿದರೆ ಮರದ ಬುಡ ಹೂತುಹೋಗುತ್ತದೆ, ಮಳೆನೀರು ಮನೆಗಳಿಗೆ ನುಗ್ಗುತ್ತದೆ. ಚರಂಡಿಗೆ ಅಗೆಯುವಾಗ ಮರದ ಹತ್ತಿರ ಜೆಸಿಬಿ ನಿಲ್ಲಿಸಿ ಗುದ್ದಲಿ ಹಿಡಿಸುತ್ತೇನೆ. ಮುಂಗೈ ದಪ್ಪದ ಬೇರು ಸಿಕ್ಕರೆ ಕಡಿಯುವಂತಿಲ್ಲ, ಚರಂಡಿಯನ್ನೇ ಸ್ವಲ್ಪ ಸರಿಸುತ್ತೇವೆ.

ಕೊಂಬೆ ಕಡಿಯುವ ವಿಷಯದಲ್ಲಿ ಇನ್ನೂ ಹೆಣಗಾಡುತ್ತಿದ್ದೇನೆ. ಮಳೆಗಾಲಕ್ಕೆ ಮೊದಲು ಕರೆಂಟು ತಂತಿಗಾಗಿ ಒಂದೇ ಬದಿ ಬೋಳಿಸಿಬಿಡುತ್ತಾರೆ. ಭಾರವೆಲ್ಲ ಇನ್ನೊಂದು ಬದಿಗೆ ಬಿದ್ದು ಮರ ವಾಲುತ್ತದೆ. ನಮ್ಮ ಹುಡುಗರಿಗೆ ಮಚ್ಚು ಬಿಡಿಸಿ ಗರಗಸ ಕೊಡಿಸಿದೆ. ದಪ್ಪ ಕೊಂಬೆಯಾದರೆ ಕಾಂಡದಿಂದ ಒಂದಡಿ ಆಚೆ ಮೊದಲು ಕೆಳಗಿನಿಂದ ಮೂರನೇ ಒಂದು ಪಾಲು ಕೊಯ್ಯಬೇಕು. ಆಮೇಲೆ ಇನ್ನೂ ಸ್ವಲ್ಪ ಆಚೆ ಮೇಲಿನಿಂದ. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವ ಕಡೆ ಇರುವ ಉಬ್ಬಿನ ಹೊರಗೆ ನೀಟಾಗಿ ತೆಗೆಯಬೇಕು. ಆ ಉಬ್ಬು ಉಳಿದರೆ ಗಾಯ ತಾನಾಗೇ ಮುಚ್ಚಿಕೊಳ್ಳುತ್ತದೆ. ಹೀಗೆ ಮಾಡಿದರೆ ಕೊಂಬೆ ಕಾಂಡದ ತೊಗಟೆ ಸೀಳಿಕೊಂಡು ಬೀಳುವುದಿಲ್ಲ. ಮರವನ್ನೇ ಕಡಿಯಬೇಕಾದರೆ ಸುಮ್ನೆ ಆಗುವುದಿಲ್ಲ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಹೊಸದಾಗಿ ನೆಡುವಾಗ ತಂತಿಯ ಕೆಳಗೆ ಪಾರಿಜಾತದಂಥ ಗಿಡ್ಡ ಗಿಡ ಸಾಕು.

ಆ ಹಳೇ ಬೀದಿಯ ಉಳಿದ ಹೊಂಗೆಗಳ ಸುತ್ತ ಕಾಂಕ್ರೀಟು ಒಡೆಸಿದೆ. ಒಣಗುತ್ತಿದ್ದ ಮರ ಉಳಿಯಲಿಲ್ಲ, ಮಿಕ್ಕವು ಚಿಗುರಿವೆ. ಬಿದ್ದ ಮರದ ಜಾಗಕ್ಕೆ ಅಜ್ಜಿಯ ಕೈಯಿಂದಲೇ ಒಂದು ಹೊಂಗೆ ಸಸಿ ನೆಡಿಸಿದೆವು. ಪಾತ್ರೆ ತೊಳೆದ ನೀರನ್ನು ಅವರು ಅದಕ್ಕೇ ಹಾಕುತ್ತಾರೆ. ಕಳೆದ ವಾರ ಹೋದಾಗ ಸಸಿ ಅವರ ಭುಜದವರೆಗೆ ಬಂದಿತ್ತು.